ಗಾಲ್ಫ್ ಆಡುವಾಗ ನಡೆಯಬೇಕಾ, ಕಾರ್ಟ್ ಹತ್ತಬೇಕಾ?

ಓದುಗರ ಪ್ರಶ್ನೆ:

"ನಾನು ಬಳ್ಳಾರಿಯವನು, ವಯಸ್ಸು 56. ಜೀನ್ಸ್ ಹೊಲಿಯುವ ಘಟಕ ಇದೆ. ಬೆಂಗಳೂರಿಗೆ ಮಗನ ಮನೆಗೆ ಹೋದಾಗೆಲ್ಲ ಅವನ ಜೊತೆ ಗಾಲ್ಫ್ ಕಲಿಯುತ್ತಿದ್ದೇನೆ. ಪ್ರಾಕ್ಟೀಸ್ ಆಯ್ತು, ಇನ್ನು ಕೋರ್ಸ್‌ಗೆ ಇಳಿಯಬೇಕು. ಮಗ 'ಅಪ್ಪಾ, ಕಾರ್ಟ್ ತಗೊಳ್ಳೋಣ, ನಿಮ್ಮ ಮೊಣಕಾಲು ನೋಡ್ಕೊಳ್ಳಿ' ಅಂತಾನೆ. ನಮ್ಮ ಬೀಗರು ಹಳೇ ಆಟಗಾರರು. 'ಗಾಡಿಯಲ್ಲಿ ಕೂತು ಆಡೋದೂ ಒಂದು ಆಟವೇನ್ರೀ' ಅಂತ ಎಲ್ಲರ ಮುಂದೆ ನಗ್ತಾರೆ. ನನಗೆ ಸ್ವಲ್ಪ ಶುಗರ್ ಇದೆ, ಮಾತ್ರೆ ತಗೋತೀನಿ. ನಡೆಯಲಾ, ಕಾರ್ಟ್ ಹತ್ತಲಾ?"

ನಡೆಯಿರಿ. ಆದರೆ ಬ್ಯಾಗು ಹೆಗಲ ಮೇಲೆ ಬೇಡ, ಮೊದಲ ದಿನವೇ 18 ಹೋಲ್, ಅಂದರೆ 18 ಕುಳಿಗಳ ಪೂರ್ತಿ ಆಟ, ಬೇಡ, ಏರುಬಿಸಿಲಲ್ಲಿ ಬೇಡ. ಮೊಣಕಾಲು ಬೇಡ ಅಂದ ದಿನ ಸುಮ್ನೆ ಕಾರ್ಟ್ ಹತ್ತಿ. ಬೀಗರ ನಗುವಿಗೂ ಮಂಡಿಯ ನೋವಿಗೂ ಯಾವ ಸಂಬಂಧವೂ ಇಲ್ಲ.

ಈ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ. ಗಾಲ್ಫ್ ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೇ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾರ್ಟ್ ಗೊತ್ತಲ್ಲ? ಹಂಪಿಯಲ್ಲಿ ವಿಠ್ಠಲ ದೇವಸ್ಥಾನಕ್ಕೆ ಜನರನ್ನು ಕರೆದೊಯ್ಯುವ ಬ್ಯಾಟರಿ ಗಾಡಿ ಇದೆಯಲ್ಲ, ಅದರ ತಮ್ಮ. ಇಬ್ಬರು ಕೂರುತ್ತಾರೆ, ಹಿಂದೆ ಎರಡು ಬ್ಯಾಗು ಕಟ್ಟುತ್ತಾರೆ. ಇದು ಆಟದ ಜೊತೆಗೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1950ರ ದಶಕದಲ್ಲಿ ಬಳಕೆಗೆ ಬಂತು. ಅದಕ್ಕೂ ಮೊದಲು ನೂರಾರು ವರ್ಷ ಎಲ್ಲರೂ ನಡೆದೇ ಆಡಿದರು. ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸ್‌ನಲ್ಲಿ ಇವತ್ತಿಗೂ ನಡೆಯುವುದೇ ರೂಢಿ.

ಮೊದಲು ದೂರದ ಲೆಕ್ಕ ನೋಡೋಣ. 18 ಹೋಲ್‌ನ ಕೋರ್ಸ್ ಸಾಮಾನ್ಯವಾಗಿ 6,000ದಿಂದ 7,000 ಯಾರ್ಡ್ ಉದ್ದ. ಅಂದರೆ ಐದೂವರೆ ಕಿಲೋಮೀಟರ್‌ನಿಂದ ಸುಮಾರು ಆರೂವರೆವರೆಗೆ. ಇದು ಚೆಂಡು ನೇರವಾಗಿ ಹೋದರೆ. ಹೊಸಬರ ಚೆಂಡು ಎಲ್ಲಿ ನೇರ ಹೋಗುತ್ತೆ? ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಪೊದೆಯೊಳಗೊಮ್ಮೆ. ಒಂದು ಗ್ರೀನ್‌ನಿಂದ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದಿನ ಟೀಗೆ (ಮೊದಲ ಹೊಡೆತ ಹೊಡೆಯುವ ಜಾಗ) ನಡೆಯುವ ದೂರ ಬೇರೆ. ಎಲ್ಲ ಸೇರಿಸಿದರೆ 8ರಿಂದ 10 ಕಿಲೋಮೀಟರ್, ನಾಲ್ಕು ತಾಸಿನ ಆಸುಪಾಸು. ನಿಮ್ಮೂರ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ನಲ್ಲಿ 20ರಿಂದ 25 ಸುತ್ತು ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಇಲ್ಲಿ ನೆಲ ಸಮ ಇರಲ್ಲ, ನಡುನಡುವೆ ನಿಲ್ಲುತ್ತೀರಿ, ಬಗ್ಗುತ್ತೀರಿ, ಬೀಸುತ್ತೀರಿ.

ಕಾರ್ಟ್‌ನಲ್ಲಿ ಹೋದರೆ ವ್ಯಾಯಾಮವೇ ಇಲ್ಲ ಅನ್ನುವ ಮಾತೂ ಸುಳ್ಳು. ಇಳಿದು ಹತ್ತಿ, ಚೆಂಡಿನ ಹತ್ತಿರ ಹೋಗಿ, ಗ್ರೀನ್ ಮೇಲೆ ಓಡಾಡಿ ಸುಮಾರು ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ನಡಿಗೆ ಆಗಿಯೇ ಆಗುತ್ತದೆ. ಆದರೂ ಸಮ ಅಲ್ಲ. ಅಮೆರಿಕದ ಡೆನ್ವರ್‌ನಲ್ಲಿ ಕೆಲವೇ ಆಟಗಾರರ ಮೈಗೆ ಉಪಕರಣ ಕಟ್ಟಿ ಅಳೆದು ನೋಡಿದ್ದಾರೆ. 9 ಹೋಲ್ ನಡೆದವರಿಗೆ ಸುಮಾರು 720 ಕ್ಯಾಲರಿ ಖರ್ಚಾಯಿತು, ಕಾರ್ಟ್‌ನವರಿಗೆ 410ರ ಆಸುಪಾಸು. ಚಿಕ್ಕ ಪರೀಕ್ಷೆ, ಅಂಕಿಯನ್ನು ಅಕ್ಷರಶಃ ಹಿಡಿಯಬೇಡಿ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ ಸಂಗತಿ. ಬ್ಯಾಗು ಹೆಗಲಿಗೇರಿಸಿ ನಡೆದವರಿಗೂ, ಅದನ್ನೇ ತಳ್ಳುವ ಟ್ರಾಲಿಯಲ್ಲಿ ಇಟ್ಟು ನಡೆದವರಿಗೂ ಹೆಚ್ಚುಕಮ್ಮಿ ಒಂದೇ ಕ್ಯಾಲರಿ. ಆಟದಲ್ಲಿ ಮಾತ್ರ ಟ್ರಾಲಿಯವರು ಮುಂದಿದ್ದರು, ಹೊತ್ತವರು ಎಲ್ಲರಿಗಿಂತ ಹಿಂದೆ ಬಿದ್ದರು.

ಅಂದರೆ ಭಾರ ಹೊರುವುದರಿಂದ ಲಾಭ ಏನೂ ಜಾಸ್ತಿ ಆಗಲ್ಲ, ಬೆನ್ನಿಗೆ ಮಾತ್ರ ಕೆಲಸ. ನಿಯಮದ ಪ್ರಕಾರ 14 ಕ್ಲಬ್‌ವರೆಗೆ, ಅಂದರೆ ಚೆಂಡು ಹೊಡೆಯುವ ಕೋಲು, ಒಯ್ಯಬಹುದು. ಅದರ ಜೊತೆ ಚೆಂಡು, ನೀರು, ಕೊಡೆ, ಟವೆಲ್ ಸೇರಿದರೆ ಬ್ಯಾಗು 10 ಕಿಲೋ ಮೇಲೇ ತೂಗುತ್ತದೆ. ಅದನ್ನು ನಾಲ್ಕು ತಾಸು ಹೊತ್ತು, ಆಮೇಲೆ ಸೊಂಟ ತಿರುಗಿಸಿ ಬೀಸಬೇಕು. 56ರಲ್ಲಿ ಅದು ಯಾಕೆ ಬೇಕು? ನಡೆಯುವುದಾ, ಕಾರ್ಟಾ ಅಂತ ಜಗಳ ಆಡುವವರು ಟ್ರಾಲಿಯನ್ನು ಮರೆತೇಬಿಡುತ್ತಾರೆ. ಎರಡು ಅಥವಾ ಮೂರು ಚಕ್ರದ, ಮಡಚಿ ಡಿಕ್ಕಿಗೆ ಹಾಕಬಹುದಾದ ಗಾಡಿ ಅದು. ಎಳೆಯುವುದಕ್ಕಿಂತ ತಳ್ಳುವ ತರದ್ದು ಭುಜಕ್ಕೆ ಒಳ್ಳೆಯದು.

ಟ್ರಾಲಿ ಬೇಡ ಅಂದರೆ ಕ್ಯಾಡಿ, ಬ್ಯಾಗು ಹೊತ್ತು ಜೊತೆಗೆ ನಡೆಯುವ ಸಹಾಯಕರು. ನಮ್ಮ ದೇಶದ ಹೆಚ್ಚಿನ ಕ್ಲಬ್‌ಗಳಲ್ಲಿ ಕ್ಯಾಡಿ ಸಿಗುತ್ತಾರೆ. ಹೊಸಬರಿಗೆ ನಾನು ಕ್ಯಾಡಿಯನ್ನೇ ಹೇಳುವುದು. ಚೆಂಡು ಎಲ್ಲಿ ಬಿತ್ತು ಅಂತ ಅವರ ಕಣ್ಣಿಗೆ ಬೀಳುವಷ್ಟು ನಮಗೆ ಬೀಳಲ್ಲ. ಕಳೆದ ಚೆಂಡು ಹುಡುಕಲು ಈಗ ಮೂರೇ ನಿಮಿಷ. 2019ಕ್ಕೆ ಮುಂಚೆ ಐದಿತ್ತು. ಕ್ಯಾಡಿ ಅಂದರೆ ಬ್ಯಾಗು ಹೊರುವವರು ಅಷ್ಟೇ ಅಂದುಕೊಳ್ಳಬೇಡಿ. ಗಾಲ್ಫ್ ಆಟಗಾರ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮಗ ಅಲ್ಲೇ ಕ್ಯಾಡಿಯಾಗಿ ಓಡಾಡುತ್ತ ಆಟ ಕಲಿತು, 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಬ್ಯಾಗು ಹಿಡಿದು ನಾಲ್ಕೂ ದಿನ ಜೊತೆಗೆ ನಡೆದದ್ದು ಅವರ ತಾಯಿ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ.

ಇನ್ನು ಬೀಗರ ಮಾತಿಗೆ ಬರೋಣ. ಗಾಡಿಯಲ್ಲಿ ಕೂತು ಆಡುವುದು ಆಟವೇ ಅಂತ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಕೇಸು ಹೋಗಿದೆ ಅಂದರೆ ನಂಬುತ್ತೀರಾ? ಕೇಸಿ ಮಾರ್ಟಿನ್ ಅನ್ನುವ ಆಟಗಾರನಿಗೆ ಹುಟ್ಟಿನಿಂದಲೇ ಬಲಗಾಲಿನ ರಕ್ತ ಸಂಚಾರದ ತೊಂದರೆ. ನಡೆದರೆ ವಿಪರೀತ ನೋವು, ಮೂಳೆ ಮುರಿಯುವ ಭಯ. ಕಾರ್ಟ್ ಕೊಡಿ ಅಂತ ಕೇಳಿದರು. ವೃತ್ತಿಪರ ಆಟದಲ್ಲಿ ನಡೆದು ದಣಿಯುವುದೂ ಸ್ಪರ್ಧೆಯ ಭಾಗ, ಕೊಡಲ್ಲ ಅಂತ ಪಂದ್ಯ ನಡೆಸುವ ಸಂಸ್ಥೆ ಪಿಜಿಎ ಟೂರ್ ಪಟ್ಟು ಹಿಡಿಯಿತು. 2001ರಲ್ಲಿ ಏಳು ನ್ಯಾಯಮೂರ್ತಿಗಳು ಮಾರ್ಟಿನ್ ಪರ, ಇಬ್ಬರು ವಿರುದ್ಧ. ಚೆಂಡು ಹೊಡೆಯುವುದೇ ಆಟದ ಜೀವಾಳ, ನಡಿಗೆ ಅಲ್ಲ ಅಂತ ತೀರ್ಪು ಬಂತು. 2019ರಲ್ಲಿ ಜಾನ್ ಡೇಲಿ ಅನ್ನುವ ಆಟಗಾರ ಮೊಣಕಾಲಿನ ಸಂಧಿವಾತಕ್ಕೆ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಟ್ ತೆಗೆದುಕೊಂಡರು. ಆಗ ಟೈಗರ್ ವುಡ್ಸ್, ನಾನಂತೂ ಮುರಿದ ಕಾಲಲ್ಲೇ ನಡೆದಿದ್ದೆ ಅಂತ ಕಾಲೆಳೆದರು. ಅವರು ಹೇಳಿದ್ದು 2008ರ ಯುಎಸ್ ಓಪನ್ ಬಗ್ಗೆ. ಎಡಗಾಲಿನ ಮೂಳೆ ಬಿರುಕು ಬಿಟ್ಟು, ಲಿಗಮೆಂಟ್ ಹರಿದಿದ್ದರೂ 91 ಹೋಲ್ ನಡೆದು ಗೆದ್ದರು. ಆಮೇಲೆ ಆಪರೇಷನ್ ಆಗಿ ಆ ವರ್ಷದ ಉಳಿದ ಆಟವೆಲ್ಲ ಬಿಟ್ಟು ಕೂತರು ಅನ್ನುವುದನ್ನು ಮಾತ್ರ ಯಾರೂ ನೆನೆಯಲ್ಲ. ಬೀಗರ ಮುಂದೆ ಈ ಎರಡನೇ ಅರ್ಧವನ್ನೂ ಹೇಳಿ.

ಹಾಗಾದರೆ ನಾನು ನಡೆಯಿರಿ ಅನ್ನುವುದು ಯಾಕೆ? ಆರೋಗ್ಯ ಒಂದು ಕಾರಣ. ಆಟವೇ ಅದಕ್ಕಿಂತ ದೊಡ್ಡ ಕಾರಣ.

ಮಳೆ ಬಿದ್ದ ಮರುದಿನ ಕಾರ್ಟ್ ತೆಗೆದುಕೊಂಡಿರಿ ಅಂತಿಟ್ಟುಕೊಳ್ಳಿ. ಹುಲ್ಲು ಹಾಳಾಗಬಾರದು ಅಂತ ಕ್ಲಬ್‌ನವರು ಗಾಡಿ ದಾರಿ ಬಿಟ್ಟು ಇಳಿಸಬೇಡಿ ಅಂದಿರುತ್ತಾರೆ. ದಾರಿ ಇರುವುದು ಎಡ ಅಂಚಿಗೆ, ನಿಮ್ಮ ಚೆಂಡು ಬಿದ್ದಿರುವುದು ಬಲ ಅಂಚಿಗೆ. ಗಾಡಿ ನಿಲ್ಲಿಸಿ, ಕಣ್ಣಂದಾಜಲ್ಲಿ ಹತ್ತಿರದ ಹೊಡೆತದ ಕ್ಲಬ್ 9 ಐರನ್ ಹಿಡಿದು 60 ಯಾರ್ಡ್ ನಡೆಯುತ್ತೀರಿ. ಹತ್ತಿರ ಹೋಗಿ ನೋಡಿದರೆ ಚೆಂಡು ಹುಲ್ಲಲ್ಲಿ ಹೂತಿದೆ, ಎದುರುಗಾಳಿ ಬೇರೆ. ಬೇಕಾಗಿದ್ದು ಇನ್ನೂ ದೂರ ಹೊಡೆಯುವ 7 ಐರನ್. ವಾಪಸ್ ಗಾಡಿಗೆ, ಮತ್ತೆ ಚೆಂಡಿಗೆ. ಅಷ್ಟರಲ್ಲಿ ಹಿಂದಿನ ಗುಂಪು ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತದೆ. ಗಡಿಬಿಡಿಯಲ್ಲಿ ಬೀಸುತ್ತೀರಿ, ಚೆಂಡು ಹತ್ತಡಿ ಉರುಳುತ್ತದೆ. ಈಗ ಕೈಯಲ್ಲಿರುವ 7 ಐರನ್ ಸಾಕಾ, ಬೇರೆ ತರಬೇಕಾ? ಇಂಥ ದಿನ ಕಾರ್ಟ್ ಇದ್ದೂ ನಡೆಯುತ್ತೀರಿ, ಅದೂ ಸುಖವಿಲ್ಲದ ನಡಿಗೆ. ಅದಕ್ಕೇ ದಾರಿ ಮೇಲೆ ಗಾಡಿ ಬಿಟ್ಟು ಹೋಗುವಾಗ ಮೂರು ಕ್ಲಬ್ ಮತ್ತು ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಕೈಯಲ್ಲಿ ಹಿಡಿದೇ ಹೋಗಿ.

ನೆಲ ಒಣಗಿದ್ದರೂ ಇಬ್ಬರಿಗೆ ಒಂದು ಗಾಡಿ. ಮಗನ ಚೆಂಡು ಎಡಕ್ಕೆ, ನಿಮ್ಮದು ಬಲಕ್ಕೆ. ಮೊದಲು ಅಲ್ಲಿಗೆ, ಆಮೇಲೆ ಇಲ್ಲಿಗೆ. ಕಾರ್ಟ್‌ನಲ್ಲಿ ಆಟ ಬೇಗ ಮುಗಿಯುತ್ತೆ ಅನ್ನುವುದು ಎಲ್ಲ ದಿನವೂ ನಿಜವಲ್ಲ. ನಡೆಯುವಾಗ ನೀವು ನೇರ ನಿಮ್ಮ ಚೆಂಡಿನ ಕಡೆಗೇ ಹೋಗುತ್ತೀರಿ. ಹೋಗುತ್ತ ಹೋಗುತ್ತ ನೆಲದ ಇಳಿಜಾರು ಕಾಲಿಗೇ ಗೊತ್ತಾಗುತ್ತೆ, ಗಾಳಿ ಮುಖಕ್ಕೆ ತಾಗುತ್ತೆ, ಹಿಂದಿನ ಕೆಟ್ಟ ಹೊಡೆತದ ಸಿಟ್ಟು ಇಳಿಯುತ್ತೆ. ಕಾರ್ಟ್‌ನಲ್ಲಿ ಸಿಟ್ಟು ಇಳಿಯುವಷ್ಟರಲ್ಲಿ ಚೆಂಡು ಬಂದೇಬಿಟ್ಟಿರುತ್ತದೆ.

ಮೊಣಕಾಲಿನ ವಿಷಯ. ನಿಮ್ಮ ಮಗ ಹೇಳುವುದರಲ್ಲಿ ಅರ್ಥ ಇದೆ, ಆದರೆ ಮಂಡಿ ನೋವು ಅಂದ ಕೂಡಲೇ ನಡಿಗೆ ಬಿಡಬೇಕಿಲ್ಲ. ಮಂಡಿ ಸವೆತ ಇರುವ ಕೆಲವು ವಯಸ್ಸಾದ ಆಟಗಾರರನ್ನು ಷಿಕಾಗೋದ ಸಂಶೋಧಕರು ಒಂದು ಸಲ ನಡೆಸಿ, ಇನ್ನೊಂದು ಸಲ ಕಾರ್ಟ್‌ನಲ್ಲಿ ಕೂರಿಸಿ ಆಡಿಸಿದರು. 2018ರಲ್ಲಿ ಫಲಿತಾಂಶ ಹೇಳಿದರು. ನಡೆದಾಗ ಮಂಡಿಯ ಮೇಲಿನ ಒತ್ತಡ ಸ್ವಲ್ಪ ಹೆಚ್ಚಿತ್ತು ನಿಜ, ಆದರೆ ಹೃದಯಕ್ಕೆ ಸಿಕ್ಕ ವ್ಯಾಯಾಮ ಅದಕ್ಕಿಂತ ಬಹಳ ಹೆಚ್ಚಿತ್ತು. ನಡಿಗೆ ಬಿಡಬೇಕಾಗಿಲ್ಲ ಅಂತಲೇ ಅವರ ಅಭಿಪ್ರಾಯ. ನಿಮ್ಮ ಮಂಡಿಯ ಸ್ಥಿತಿ ತಿಳಿಯಲು ಗಂಗಾವತಿ ಹತ್ತಿರದ ಅಂಜನಾದ್ರಿಯ 575 ಮೆಟ್ಟಿಲು ನೆನಪಿಸಿಕೊಳ್ಳಿ. ಹತ್ತುವಾಗ ಏದುಸಿರು ಬರುವುದು ಎಲ್ಲರಿಗೂ ಇದ್ದದ್ದೇ. ಇಳಿಯುವಾಗ ಮಂಡಿ ಚುಚ್ಚಿತಾ? ಮರುದಿನ ಊತ ಬಂತಾ? ಬಂದಿದ್ದರೆ ಏರುತಗ್ಗಿನ ಕೋರ್ಸ್‌ನಲ್ಲಿ ಇಳಿಜಾರಿನ ಭಾಗಕ್ಕೆ ಕಾರ್ಟ್ ಇರಲಿ, ಮೂಳೆ ಡಾಕ್ಟರಿಗೂ ಒಮ್ಮೆ ತೋರಿಸಿ.

ಕೋರ್ಸ್ ಯಾವುದು ಅನ್ನುವುದೂ ಮುಖ್ಯ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಕಾರ್ಟ್ ಅನ್ನುವುದು ಯಾರ ಕನಸಿನಲ್ಲೂ ಇಲ್ಲದ ಕಾಲ. ಹಳೇ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಗ್ರೀನ್ ಪಕ್ಕದಲ್ಲೇ ಮುಂದಿನ ಟೀ ಇರುತ್ತದೆ. ವಿಲ್ಲಾಗಳ ನಡುವೆ ಹರಡಿಕೊಂಡ ಹೊಸ ಕೋರ್ಸ್‌ಗಳಲ್ಲಿ ಹಾಗಲ್ಲ, ಒಂದು ಹೋಲ್ ಮುಗಿಸಿ ಇನ್ನೊಂದಕ್ಕೆ ಹೋಗುವುದೇ ಒಂದು ಪ್ರಯಾಣ. ಅಲ್ಲಿ ಕಾರ್ಟ್ ಬೇಡ ಅನ್ನುವುದು ಹಟ ಅಷ್ಟೇ.

ಬಿಸಿಲು. ನಮಗೆ ಬೇಸಿಗೆ, ಕಡುಬೇಸಿಗೆ ಅಂತ ಎರಡೇ ಕಾಲ ಅಂತ ಬಳ್ಳಾರಿ, ರಾಯಚೂರಿನವರು ನಾವೇ ನಗಾಡುತ್ತೇವೆ. ಬಿಸಿಲು ನಮಗೇನು ಹೊಸದಾ ಅನ್ನುವ ಧೈರ್ಯವೇ ಅಪಾಯ. ಊರಲ್ಲಿ ನಾವು ಮಧ್ಯಾಹ್ನ ನೆರಳು ಹುಡುಕುತ್ತೇವೆ, ಮೈದಾನದಲ್ಲಿ ನಾಲ್ಕು ತಾಸು ಓಡಾಡಲ್ಲ. ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿದೆ. ಗಾಳಿ ತಣ್ಣಗಿರುವುದರಿಂದ ಬಿಸಿಲು ತಾಗಿದ್ದೇ ತಿಳಿಯಲ್ಲ, ಸಂಜೆ ಕುತ್ತಿಗೆ ಉರಿದಾಗಲೇ ಗೊತ್ತಾಗುವುದು. ಬೆಳಗಿನ ಮೊದಲ ಸರದಿ ಹಿಡಿಯಿರಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ತಲೆ ಸುತ್ತಿದರೆ, ಮೈ ಜುಮ್ ಅಂದರೆ ಆ ಹೋಲ್ ಮುಗಿಸಿಯೇ ಹೋಗೋಣ ಅನ್ನಬೇಡಿ. ಗುಡುಗು ಶುರುವಾದರೆ ನಡೆಯುವವರೂ ಕಾರ್ಟ್‌ನವರೂ ಇಬ್ಬರೂ ಕಟ್ಟಡದೊಳಗೆ ಹೋಗಬೇಕು. ಕಾರ್ಟ್‌ಗೆ ಚಾವಣಿ ಇದೆ ಅಂತ ಅದರಲ್ಲಿ ಕೂತರೆ ಸಿಡಿಲಿನಿಂದ ರಕ್ಷಣೆ ಇಲ್ಲ.

ಶುಗರ್ ಮಾತ್ರೆ ಅಂದಿರಿ. ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಷ್ಟು ಹೊತ್ತು ನಡೆದರೆ ಸಕ್ಕರೆ ಪ್ರಮಾಣ ಒಮ್ಮೆಲೇ ಇಳಿಯಬಹುದು. ನಿಮ್ಮದು ಆ ಗುಂಪಿನ ಮಾತ್ರೆಯೇ ಅಂತ ಡಾಕ್ಟರನ್ನು ಮೊದಲೇ ಕೇಳಿ. ಬರೀ ಹೊಟ್ಟೆಯಲ್ಲಿ ಹೋಗಬೇಡಿ. ಹಾಗಂತ ಒಗ್ಗರಣೆ, ಮಿರ್ಚಿ ಬಾರಿಸಿಯೂ ಹೋಗಬೇಡಿ. ಗ್ಲೂಕೋಸ್ ಪುಡಿಯ ಪೊಟ್ಟಣ ಪ್ಯಾಂಟಿನ ಜೇಬಲ್ಲೇ ಇರಲಿ. ಬ್ಯಾಗಲ್ಲಿಟ್ಟರೆ ಅದು ಕ್ಯಾಡಿಯ ಹತ್ತಿರ, ನೀವು ಪೊದೆಯ ಹತ್ತಿರ.

ಕಾರ್ಟ್ ಹತ್ತುವ ದಿನಕ್ಕೆ ನಾಲ್ಕು ಮಾತು. ಗ್ರೀನ್, ಟೀ, ಬಂಕರ್ (ಮರಳಿನ ಗುಂಡಿ) ಹತ್ತಿರ ಗಾಡಿ ಒಯ್ಯಬಾರದು. 90 ಡಿಗ್ರಿ ನಿಯಮ ಅಂತ ಬೋರ್ಡ್ ಹಾಕಿದ್ದರೆ, ಚೆಂಡಿನ ಸಮಕ್ಕೆ ಬರುವವರೆಗೆ ದಾರಿಯಲ್ಲೇ ಹೋಗಿ, ಅಲ್ಲಿಂದ ನೇರ ಅಡ್ಡಕ್ಕೆ ತಿರುಗಬೇಕು. ಓಡುವಾಗ ಕಾಲು ಹೊರಗೆ ಚಾಚಬೇಡಿ, ಪಾದ ಮುರಿದುಕೊಳ್ಳುವುದು ಹೀಗೇ. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೂ ಗಾಡಿ ಜಾರುತ್ತದೆ. ನಿಮ್ಮ ಚೆಂಡು ನಿಮ್ಮದೇ ಕಾರ್ಟ್‌ಗೆ ಆಕಸ್ಮಿಕವಾಗಿ ಬಡಿದರೆ 2019ರಿಂದ ದಂಡ ಇಲ್ಲ. ನಗು ಮಾತ್ರ ತಪ್ಪಲ್ಲ.

ನೀವು ಹೀಗೆ ಮಾಡಿ. ಮೊದಲ ಸಲ 9 ಹೋಲ್ ಮಾತ್ರ, ಕ್ಯಾಡಿ ಇಟ್ಟುಕೊಂಡು, ನಡೆದು. ಮರುದಿನ ಮಂಡಿ ಏನನ್ನುತ್ತೆ ನೋಡಿ. ಸುಮ್ಮನಿದ್ದರೆ ಇನ್ನೊಂದೆರಡು ಸಲ ಹಾಗೇ ಆಡಿ, ಆಮೇಲೆ 18ಕ್ಕೆ ಹೋಗಿ. ಅಷ್ಟರವರೆಗೆ ಬೀಗರ ಜೊತೆ 18 ಆಡಲೇಬೇಕಾಗಿ ಬಂದರೆ ಮಗನೂ ನೀವೂ ಸೇರಿ ಒಂದು ಕಾರ್ಟ್ ಹೇಳಿ, ಒಂದು ಹೋಲ್ ನೀವು ನಡೆಯಿರಿ, ಮುಂದಿನದು ಅವನು. ಹೊಸ ಶೂ ಹಾಕಿಕೊಂಡು ನೇರ ಕೋರ್ಸ್‌ಗೆ ಇಳಿಯಬೇಡಿ, ವಾರದ ಮೊದಲೇ ಊರಲ್ಲಿ ಹಾಕಿ ನಡೆದು ಪಳಗಿಸಿ. ಕೆಲವು ಕೋರ್ಸ್‌ಗಳಲ್ಲಿ ಕಾರ್ಟ್ ಕಡ್ಡಾಯ, ಕೆಲವದರಲ್ಲಿ ಕ್ಯಾಡಿ ಕಡ್ಡಾಯ. ಎರಡರ ಹಣವೂ ಆಟದ ಶುಲ್ಕದಲ್ಲಿ ಸೇರಿದೆಯಾ, ಬೇರೆ ಕೊಡಬೇಕಾ ಅನ್ನುವುದನ್ನು ಬುಕ್ ಮಾಡುವಾಗಲೇ ಮಗನಿಗೆ ಕೇಳಲು ಹೇಳಿ.