ಹಸಿರು ನೀರು ನೋಡಿ ಮೀನಿನ ಊಟ ಅಳೆಯಬೇಡಿ

ಬೆಳಗಿನ ಜಾವ ಐದೂವರೆಗೆ ಫೋನ್ ಬಂದರೆ ವಿಷಯ ಏನು ಅಂತ ಕೇಳಬೇಕಾಗಿಲ್ಲ. ಯಾರದೋ ಕೃಷಿ ಹೊಂಡದಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ. ಮಳೆಗಾಲದಲ್ಲಿ ಈ ಫೋನ್ ಜಾಸ್ತಿ. "ನಿನ್ನೆ ಏನ್ ಹಾಕಿದ್ರಿ?" ಅಂತ ಕೇಳುತ್ತೇನೆ. "ಹಸಿರು ಕಮ್ಮಿ ಆಗಿತ್ತು ಸಾರ್, ಎರಡು ಗಾಡಿ ಸಗಣಿ ಹಾಕ್ದೆ."

ಕಾಟ್ಲಾ, ರೋಹು ಮರಿ ಎಷ್ಟು ಬಿಡಬೇಕು ಅನ್ನೋದು ನಿಮಗೆ ಗೊತ್ತು, ಬಿಡಿ. ಸಗಣಿ ಗೊಬ್ಬರಕ್ಕೆ ಪಾಚಿ ಬೆಳೆದು ನೀರು ಹಸಿರಾಗುತ್ತದೆ, ಸರಿ. ನನ್ನ ತಕರಾರು ಒಂದೇ. ನೀರಿನ ಬಣ್ಣ ನೋಡಿ ಹೊಂಡದ ಸಂಪಾದನೆ ಲೆಕ್ಕ ಹಾಕಬೇಡಿ.

ಶಕ್ತಿಯ ಪಿರಮಿಡ್ ಶಾಲೆಯಲ್ಲಿ ಓದಿರುತ್ತೀರಿ. ತಳದಲ್ಲಿ ಪಾಚಿ, ಅದನ್ನು ತಿನ್ನುವ, ನೀರಿನ ಚಿಗಟ ಅನ್ನುವ ಡಾಫ್ನಿಯಾದಂಥ ಚಿಕ್ಕ ಜೀವಿಗಳು, ಅವನ್ನು ತಿನ್ನುವ ಕಾಟ್ಲಾ. ಒಂದೊಂದು ಮೆಟ್ಟಿಲಿಗೆ ಹತ್ತರಲ್ಲಿ ಒಂದು ಪಾಲು ಮೇಲೆ ಹೋಗುತ್ತದೆ. ಅದೂ ಸರಾಸರಿ, ಹೆಚ್ಚು ಕಮ್ಮಿ ಆಗುತ್ತದೆ. ಆದರೆ ಆ ಪಿರಮಿಡ್ ಅಳೆಯೋದು ಇರುವ ಪಾಚಿಯನ್ನಲ್ಲ, ದಿನ ದಿನ ಹುಟ್ಟುವ ಪಾಚಿಯನ್ನು.

ಚೆನ್ನಾಗಿ ನಡೆಯುವ ಹೋಟೆಲಿಗೆ ಹೋಗಿ ನೋಡಿ. ತಟ್ಟೆಯಲ್ಲಿ ಇಡ್ಲಿ ನಾಲ್ಕೇ ಇರುತ್ತವೆ, ತಿನ್ನುವವರು ನಲವತ್ತು ಜನ. ಒಲೆ ಉರೀತಾ ಇದೆ, ಬೆಂದ ಹಾಗೇ ಖಾಲಿ. ತಿಳಿ ನೀರಿನ ಹೊಂಡದ್ದೂ ಎಷ್ಟೋ ಸಲ ಇದೇ ಕಥೆ. ತೂಗಿದರೆ ಪಾಚಿಗಿಂತ ಅದನ್ನು ತಿನ್ನುವ ಜೀವಿಗಳೇ ಜಾಸ್ತಿ ಇರಬಹುದು. ತೂಕದ ಪಿರಮಿಡ್ ತಲೆಕೆಳಗಾಗುತ್ತದೆ, ಶಕ್ತಿಯದ್ದು ಆಗಲ್ಲ.

ಬೇಸಿಗೆಯಲ್ಲಿ ಬಿಸಿಲಿಗೆ ಪಾಚಿ ದಿನದಲ್ಲೇ ದುಪ್ಪಟ್ಟಾಗಬಹುದು. ಆದರೆ ಬಿಸಿ ನೀರಲ್ಲಿ ಮೀನಿನ ಉಸಿರಾಟದ ಖರ್ಚೂ ಏರುತ್ತದೆ, ಆಮ್ಲಜನಕ ಕರಗೋದೂ ಕಮ್ಮಿ. ಮಳೆಗಾಲದಲ್ಲಿ ನಾಲ್ಕು ದಿನ ಮೋಡ ಕವಿದರೆ ಪಿರಮಿಡ್ಡಿನ ತಳವೇ ಕಿರಿದಾಗುತ್ತದೆ. ಕೆಸರು ನೀರು ಬಂದು ಇರುವ ಬೆಳಕನ್ನೂ ಮುಚ್ಚುತ್ತದೆ. ಆಗ ಸಗಣಿ ಸುರಿದರೆ ಅದು ಕೊಳೆಯುವಾಗ ರಾತ್ರಿಯೆಲ್ಲ ಆಮ್ಲಜನಕ ಕುಡಿಯುತ್ತದೆ. ನನ್ನಮ್ಮ ಹೇಳುತ್ತಿದ್ದಳು, "ಮೋಡದಲ್ಲಿ ಹಪ್ಪಳವೇ ಒಣಗಲ್ಲ, ನಿನ್ನ ಪಾಚಿ ಬೆಳೆಯುತ್ತಾ?" ನಾನು ಓದಿದ್ದಕ್ಕಿಂತ ಅದೇ ಸರಿಯಾಗಿದೆ ಅನ್ನಿಸುತ್ತದೆ.

ಮಂಡ್ಯ ಕಡೆಯ ಒಬ್ಬರು ಕಳೆದ ಮಳೆಗಾಲದಲ್ಲಿ ಹೀಗೇ ಮೀನು ಕಳೆದುಕೊಂಡರು. ಪಾಪ, ಒಳ್ಳೆ ಮನುಷ್ಯ, ಸುಮ್ನೆ ಅವಸರ. ಡಿಸೆಂಬರಿನಲ್ಲಿ ಮತ್ತೆ ಫೋನ್: "ನೀರು ಕನ್ನಡಿ ಥರ ಇದೆ ಸಾರ್, ಗೊಬ್ಬರ ಹಾಕ್ಲಾ?"

ಸಾಮಾನ್ಯವಾಗಿ 20 ಸೆಂಟಿಮೀಟರಿನ ಕಪ್ಪು-ಬಿಳಿ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಸಿ, 30ರಿಂದ 40 ಸೆಂಟಿಮೀಟರಿಗೆ ಮರೆಯಾದರೆ ಪಾಚಿ ಸಾಕಷ್ಟಿದೆ ಅನ್ನುತ್ತೇವೆ. ಹೊಂಡ ನೋಡದೆ ಅದನ್ನೂ ಖಚಿತ ಹೇಳಲಾರೆ. ಅವರಿಗೆ ಮಾತ್ರ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಬಿಸಿಲಿಗೆ ಹಿಡೀರಿ ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಚಿಗಟದ ಥರ ಏನೋ ಕುಪ್ಪಳಿಸ್ತಾ ಇವೆ ಸಾರ್... ತುಂಬಾ ಇವೆ."

"ಗಾಡಿ ವಾಪಸ್ ಕಳಿಸಿ" ಅಂದೆ.