ಟಿವಿ ಹೇಳುವ ಸೈಡ್ ಎಫೆಕ್ಟ್, ಟಿವಿ ಹೇಳದ ಲೆಕ್ಕ

ಅಮೆರಿಕದಲ್ಲಿರುವ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ನಾಲ್ಕಾರು ತಿಂಗಳು ಇದ್ದು ಬರುವ ಹಿರಿಯರಲ್ಲಿ ಕೆಲವರು ನನ್ನ ಕ್ಲಿನಿಕ್‌ಗೆ ಬರುವಾಗ ಒಂದು ಹೊಸ ಭಯವನ್ನೂ ಜೊತೆಗೆ ತರುತ್ತಾರೆ. ಈಚೆಗೆ ಬಂದ ಒಬ್ಬ ತಾಯಿ ಬ್ಯಾಗಿನಿಂದ ಡಪಾಗ್ಲಿಫ್ಲೋಜಿನ್ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಎರಡೇ ಮಾತ್ರೆ ಖಾಲಿಯಾಗಿತ್ತು. "ಇದನ್ನ ತಗೊಂಡ್ರೆ ಕೆಳಗಡೆ ಇನ್‌ಫೆಕ್ಷನ್ ಆಗಿ ಜೀವಕ್ಕೇ ಅಪಾಯ ಅಂತ ಅಲ್ಲಿ ಕಂಪನಿಯವರೇ ಟಿವಿಯಲ್ಲಿ ಹೇಳ್ತಾರೆ ಡಾಕ್ಟ್ರೇ. ಇಂಥದ್ದನ್ನ ಯಾಕೆ ಬರೀತೀರಾ?" ಅಂದರು.

ಕೇಳಬೇಕಾದ ಪ್ರಶ್ನೆಯೇ. ಅವರು ತಪ್ಪಾಗಿಯೂ ಕೇಳಿಸಿಕೊಂಡಿರಲಿಲ್ಲ. ಶುಗರ್‌ಗೆ ಕೊಡುವ ಈ ಗುಂಪಿನ ಮಾತ್ರೆಗಳ ಜಾಹೀರಾತಿನಲ್ಲಿ ಆ ಮಾತು ನಿಜವಾಗಿಯೂ ಬರುತ್ತದೆ. ಪರದೆಯ ಮೇಲೆ ಯಾರೋ ನಗುತ್ತಾ ನಾಯಿ ಜೊತೆ ವಾಕಿಂಗ್ ಹೋಗುತ್ತಿರುತ್ತಾರೆ. ಹಿಂದೆ ಒಂದು ದನಿ, ಜನನಾಂಗ ಮತ್ತು ಗುದದ್ವಾರದ ನಡುವಿನ ಚರ್ಮಕ್ಕೆ ಜೀವಕ್ಕೆ ಅಪಾಯ ತರುವ ಸೋಂಕು ಬರಬಹುದು ಎಂದು ಹೇಳುತ್ತಿರುತ್ತದೆ. ನೋಡಿದವರಿಗೆ ಎದೆ ಧಸಕ್ಕೆನ್ನುವುದು ಸಹಜ.

ತನ್ನ ಸರಕಿನ ಕೆಟ್ಟದ್ದನ್ನು ಕಂಪನಿ ತಾನೇ ಯಾಕೆ ಹೇಳುತ್ತದೆ? ಕಾನೂನು ಹೇಳಿಸುತ್ತದೆ, ಅಷ್ಟೇ. ಡಾಕ್ಟರ್ ಚೀಟಿ ಬೇಕಾದ ಔಷಧಿಯನ್ನು ನೇರವಾಗಿ ಜನರಿಗೆ ಹೀಗೆ ಹೆಸರು ಹೇಳಿ, ಯಾವ ಕಾಯಿಲೆಗೆ ಅಂತಲೂ ಹೇಳಿ ಜಾಹೀರಾತು ಮಾಡಲು ಬಿಡುವ ದೇಶಗಳೆಂದರೆ ಅಮೆರಿಕ ಮತ್ತು ನ್ಯೂಜಿಲೆಂಡ್. ಅಮೆರಿಕದಲ್ಲಿ 1962ರ ಕಾನೂನು ಈ ಜಾಹೀರಾತುಗಳ ಉಸ್ತುವಾರಿಯನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಕೊಟ್ಟಿತು. ಒಳ್ಳೆಯದನ್ನು ಹೇಳಿದರೆ ಅಪಾಯವನ್ನೂ ಹೇಳಲೇಬೇಕು. ಮೊದಮೊದಲು ಇದು ಟಿವಿಗೆ ಒಗ್ಗುತ್ತಿರಲಿಲ್ಲ. ಪತ್ರಿಕೆಯಲ್ಲಾದರೆ ಸಣ್ಣ ಅಕ್ಷರದಲ್ಲಿ ಪುಟ ತುಂಬಿಸಬಹುದು, ಒಂದು ನಿಮಿಷದಲ್ಲಿ ಅಷ್ಟನ್ನೂ ಓದುವುದು ಹೇಗೆ? 1997ರಲ್ಲಿ ಎಫ್‌ಡಿಎ ದಾರಿ ತೋರಿಸಿತು. ಮುಖ್ಯ ಅಪಾಯಗಳನ್ನು ದನಿಯಲ್ಲಿ ಹೇಳಿ, ಉಳಿದದ್ದಕ್ಕೆ ಫೋನ್ ನಂಬರ್, ವೆಬ್‌ಸೈಟ್ ತೋರಿಸಿದರೆ ಸಾಕು ಎಂದಿತು. ಟಿವಿ ತುಂಬಾ ಔಷಧಿ ಬಂದದ್ದು ಆಮೇಲೆಯೇ. ದನಿ ಅಪಾಯ ಹೇಳುವಾಗ ಚಿತ್ರ, ಸಂಗೀತ ಗಮನ ಸೆಳೆಯಬಾರದು, ಹೇಳುವುದನ್ನೇ ಪರದೆಯ ಮೇಲೆ ಅಕ್ಷರದಲ್ಲೂ ತೋರಿಸಬೇಕು ಎಂಬ ನಿಯಮ ಜಾರಿಗೆ ಬಂದಿದ್ದು 2024ರಲ್ಲಿ.

ನನ್ನ ತಕರಾರು ಇರುವುದು ಬೇರೆ ಕಡೆ. ಏನೇನು ಆಗಬಹುದು ಎಂದು ಆ ದನಿ ಹೇಳುತ್ತದೆ. ಎಷ್ಟು ಜನರಲ್ಲಿ ಆಗುತ್ತದೆ ಎಂಬ ಲೆಕ್ಕ ಹೇಳುವುದಿಲ್ಲ. ಹೆಚ್ಚೆಂದರೆ "ಅಪರೂಪ" ಎಂಬ ಒಂದು ಮಾತು, ಅದೂ ಹಾಗೇ ಹಾರಿಹೋಗುತ್ತದೆ. ಕೆಲವರಲ್ಲಿ ಆಗುವ ತುರಿಕೆ, ತೀರಾ ಅಪರೂಪಕ್ಕೆ ಯಾರೋ ಒಬ್ಬರಿಗೆ ಬರುವ ಸೋಂಕು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಆ ತಾಯಿಗೆ ನಾನು ಲೆಕ್ಕವನ್ನೇ ಬಿಡಿಸಿ ಹೇಳಿದೆ. ಈ ಮಾತ್ರೆ ರಕ್ತದಲ್ಲಿ ಜಾಸ್ತಿಯಾದ ಸಕ್ಕರೆಯನ್ನು ಕಿಡ್ನಿಯ ಮೂಲಕ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಶುಗರ್ ಇಳಿಯುವುದು ಹೀಗೆ. ಕೆಲವರಿಗೆ ಹೃದಯಕ್ಕೂ ಕಿಡ್ನಿಗೂ ಇದರಿಂದ ಉಪಕಾರವಿದೆ. ಆದರೆ ಮೂತ್ರ ಹೋಗುವ ಜಾಗದಲ್ಲಿ ಸಕ್ಕರೆ ಸಿಕ್ಕರೆ ಫಂಗಸ್ ಸುಮ್ಮನಿರುತ್ತದೆಯೇ? ಪರೀಕ್ಷೆಗಳಲ್ಲಿ 10 ಮಿ.ಗ್ರಾಂ ಮಾತ್ರೆ ತೆಗೆದುಕೊಂಡ 100 ಹೆಂಗಸರಲ್ಲಿ ಸುಮಾರು 7 ಮಂದಿಗೆ ಫಂಗಸ್ ಸೋಂಕು ಬಂತು. ಔಷಧಿಯೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಒಂದಿಬ್ಬರಿಗೆ ಬಂತು. ಗಂಡಸರಲ್ಲಿ ಇನ್ನೂ ಕಡಿಮೆ. ತುರಿಕೆ, ಬಿಳಿ ಹೋಗುವುದು, ಉರಿ ಇದರ ಲಕ್ಷಣ. ಆ ಜಾಗ ತೊಳೆದು ಒಣಗಿಸಿಕೊಂಡರೆ ಬರುವುದು ಕಡಿಮೆ, ಬಂದರೂ ಮುಲಾಮಿಗೋ ಮಾತ್ರೆಗೋ ಸಾಮಾನ್ಯವಾಗಿ ಬಗ್ಗುತ್ತದೆ. ನಾಚಿಕೊಂಡು ಹೇಳದೆ ಇರುವುದೇ ಇಲ್ಲಿ ದೊಡ್ಡ ತೊಂದರೆ.

ಟಿವಿಯ ಆ ಭಯಂಕರ ಸೋಂಕಿಗೆ ಫೋರ್ನಿಯರ್ ಗ್ಯಾಂಗ್ರೀನ್ ಎಂದು ಹೆಸರು. 2018ರಲ್ಲಿ ಎಫ್‌ಡಿಎ ಇದರ ಎಚ್ಚರಿಕೆ ಕೊಟ್ಟಾಗ, ಅದರ ಹಿಂದಿನ ಸುಮಾರು 5 ವರ್ಷಗಳಲ್ಲಿ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದಕ್ಕೆ ಸಿಕ್ಕ ಪ್ರಕರಣಗಳು 12. ಅಮೆರಿಕದಲ್ಲಿ 2017 ಒಂದೇ ವರ್ಷದಲ್ಲಿ ಈ ಮಾತ್ರೆ ಪಡೆದವರು ಸುಮಾರು 17 ಲಕ್ಷ. ವರದಿಯಾಗದೆ ಉಳಿದವೂ ಇರುತ್ತವೆ, ಅದನ್ನು ಒಪ್ಪುತ್ತೇನೆ. ಆ 12 ಜನರೂ ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹಾಗಾಗಿ ಇದು ಸುಳ್ಳು ಭಯವಲ್ಲ, ತುಂಬಾ ಅಪರೂಪದ ನಿಜ. ಆ ಜಾಗದಲ್ಲಿ ನೋವು, ಕೆಂಪು, ಊತ ಇದ್ದು ಜ್ವರವೋ ವಿಪರೀತ ಸುಸ್ತೋ ಸೇರಿಕೊಂಡರೆ ಬೆಳಗಾಗಲಿ ಎಂದು ಕಾಯಬಾರದು.

ಇವೆರಡಕ್ಕಿಂತ ನನಗೆ ಹೆಚ್ಚು ಚಿಂತೆ ಕೊಡುವುದು ಅದೇ ಪಟ್ಟಿಯಲ್ಲಿ ಯಾರ ಕಿವಿಗೂ ಬೀಳದ ಇನ್ನೊಂದು ಹೆಸರು, ಕೀಟೋಆಸಿಡೋಸಿಸ್. ಅಂದರೆ ರಕ್ತದಲ್ಲಿ ಆಮ್ಲ ಏರುವುದು. ಇದೂ ಅಪರೂಪವೇ. ಆದರೆ ನಮ್ಮ ಕಡೆ ಇದಕ್ಕೆ ದಾರಿ ಮಾಡಿಕೊಡುವ ಸಂದರ್ಭಗಳು ಜಾಸ್ತಿ. ಏಕಾದಶಿಯ ನಿರಾಹಾರ, ರಂಜಾನ್ ಉಪವಾಸ, ವಾಂತಿ-ಭೇದಿಯಾಗಿ ಏನೂ ಸೇರದ ದಿನ, ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇಡುವುದು. ಇಂಥ ಹೊತ್ತಿನಲ್ಲಿ ಮಾತ್ರೆ ನುಂಗುತ್ತಲೇ ಇದ್ದರೆ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು. ಮನೆಯ ಮಿಷನ್‌ನಲ್ಲಿ ನೋಡಿದರೆ ಶುಗರ್ ಅಷ್ಟೇನೂ ಏರಿರುವುದಿಲ್ಲ, "ಶುಗರ್ ಸರಿಯಾಗಿದೆಯಲ್ಲ, ಗ್ಯಾಸ್ ಇರಬೇಕು" ಎಂದು ಮನೆಯವರು ಸುಮ್ಮನಾಗುತ್ತಾರೆ. ಮೊದಲೇ ಗೊತ್ತಿರುವ ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ಈ ಮಾತ್ರೆ ನಿಲ್ಲಿಸಬೇಕು. ಉಪವಾಸ ಮಾಡುವವರು ಡಾಕ್ಟರಿಗೆ ಮೊದಲೇ ತಿಳಿಸಬೇಕು. ಹಾಗಂತ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬಾರದು.

ಹೆದರಿಕೆಯೇ ತೊಂದರೆ ಕೊಡುವುದೂ ಉಂಟು. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಮೈಕೈ ನೋವು ತರುತ್ತದೆಂದು ಬಿಟ್ಟವರು ಬಹಳ. ಬ್ರಿಟನ್ನಿನಲ್ಲಿ ಹೀಗೆ ಸೈಡ್ ಎಫೆಕ್ಟ್‌ನಿಂದ ಬಿಟ್ಟಿದ್ದ 60 ಜನರಿಗೆ ಒಂದು ವರ್ಷ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ಇಟ್ಟು ನೋಡಿದರು. ಮಾತ್ರೆ ಇದ್ದಾಗ ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ. 2020ರಲ್ಲಿ ಫಲಿತಾಂಶ ಬಂತು. ಸ್ಟ್ಯಾಟಿನ್‌ನಿಂದ ಆದ ತೊಂದರೆಯ ಸುಮಾರು 90% ಹುಸಿಮಾತ್ರೆಯಲ್ಲೂ ಆಗಿತ್ತು! ನೋವು ಸುಳ್ಳಲ್ಲ, ನಿಜವಾಗಿಯೂ ನೋಯುತ್ತಿತ್ತು. ಅದಕ್ಕೆ ಕಾರಣ ಔಷಧಿಗಿಂತ ಹೆಚ್ಚಾಗಿ ನಿರೀಕ್ಷೆ. ತಮ್ಮದೇ ಲೆಕ್ಕ ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು.

ನಮ್ಮ ದೇಶದ ಪಾಡು ಅಮೆರಿಕದ್ದಕ್ಕೆ ತಿರುಗುಮುರುಗು. ಇಲ್ಲಿ ಶೆಡ್ಯೂಲ್ ಎಚ್ ಔಷಧಿಗಳನ್ನು, ಅಂದರೆ ಸ್ಟ್ರಿಪ್ ಮೇಲೆ ಡಾಕ್ಟರ್ ಚೀಟಿ ಬೇಕೆಂಬ ಎಚ್ಚರಿಕೆ ಇರುವವನ್ನು, ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಜನರಿಗೆ ಜಾಹೀರಾತು ಮಾಡುವಂತಿಲ್ಲ. ಅದು ಒಳ್ಳೆಯದೇ, ಬದಲಾಗಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಅಪಾಯದ ಮಾತೂ ಜನರಿಗೆ ತಲುಪುವುದಿಲ್ಲ. ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಹತ್ತಾರು ಕಂಪನಿಗಳು ತಯಾರಿಸಿದವು, ಬೆಲೆ ಇಳಿಯಿತು, ಬಳಕೆ ಏರಿತು. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಐದು ಮಾತ್ರೆ ಕೊಟ್ಟರೆ ಮಾಹಿತಿಯ ಹಾಳೆ ಯಾರ ಕೈಗೆ ಬರುತ್ತದೆ? "ಹೀಟ್ ಆಗುತ್ತಾ, ಊಟದ ಮುಂಚೆನಾ ಆಮೇಲಾ" ಎಂಬಲ್ಲಿಗೆ ಮಾತು ಮುಗಿದಿರುತ್ತದೆ. ದಯವಿಟ್ಟು ಇನ್ನೂ ಎರಡು ಮಾತು ಕೇಳಿ: ಸಾಮಾನ್ಯವಾಗಿ ಏನು ತೊಂದರೆ ಆಗುತ್ತೆ? ಏನಾದರೆ ತಕ್ಷಣ ಓಡಿಬರಬೇಕು? ಇದಕ್ಕೆ ಸಿಡುಕುವ ಡಾಕ್ಟರ್ ಇದ್ದರೆ ತಪ್ಪು ಡಾಕ್ಟರದ್ದೇ.

ಇನ್ನು, ಮಾತ್ರೆಯಿಂದಲೇ ತೊಂದರೆಯಾಗಿದೆ ಎಂದು ಅನುಮಾನ ಬಂದರೆ ಡಾಕ್ಟರಿಗೆ ಹೇಳಿ ಸುಮ್ಮನಾಗಬೇಡಿ. ಫೋರ್ನಿಯರ್ ಎಚ್ಚರಿಕೆ ಬಂದದ್ದು ಇಂಥ ವರದಿಗಳಿಂದಲೇ. ಕೆಲವು ಸಾವಿರ ಜನರ ಪರೀಕ್ಷೆಯಲ್ಲಿ ಲಕ್ಷಕ್ಕೊಂದರ ತೊಂದರೆ ಕಾಣದೆ ಹೋಗಬಹುದು. ನಮ್ಮಲ್ಲೂ 2010ರಿಂದ ಇದಕ್ಕೊಂದು ರಾಷ್ಟ್ರೀಯ ವ್ಯವಸ್ಥೆಯಿದೆ. ರೋಗಿಯೇ ನೇರವಾಗಿ ತಿಳಿಸಬಹುದು, ಅದರ ಫಾರಂ ಕನ್ನಡದಲ್ಲೂ ಸಿಗುತ್ತದೆ. ಉಚಿತ ಸಹಾಯವಾಣಿ 1800-180-3024. ಮಾತ್ರೆಯ ಹೆಸರು, ಸ್ಟ್ರಿಪ್ ಮೇಲಿನ ಬ್ಯಾಚ್ ನಂಬರ್, ಶುರು ಮಾಡಿದ ದಿನ, ತೊಂದರೆ ಕಂಡ ದಿನ, ಜೊತೆಗೆ ನುಂಗುತ್ತಿದ್ದ ಬೇರೆ ಔಷಧಿಗಳು, ಇಷ್ಟನ್ನು ಬರೆದಿಟ್ಟುಕೊಂಡು ಫೋನ್ ಮಾಡಿ. ಸ್ಟ್ರಿಪ್ ಎಸೆಯಬೇಡಿ.