ಅಜ್ಜಿಯ ಎಂಟು ಗಂಟೆ

ಏಪ್ರಿಲ್ ತಿಂಗಳು ಬಂತೆಂದರೆ ನನ್ನ ಚಿಕಿತ್ಸಾಲಯದಲ್ಲಿ ನೆಗಡಿ, ಕೆಮ್ಮಿನ ಮಕ್ಕಳು ಕಡಿಮೆಯಾಗಿ ಬೇರೊಂದು ಬಗೆಯ ವಿಚಾರಣೆ ಹೆಚ್ಚಾಗುತ್ತದೆ. ಲಸಿಕೆಗೆಂದು ಬಂದ ತಾಯಿ, ತಂದೆ ಮಗುವಿನ ತೂಕ ನೋಡಿಸಿ, ತಾಯಿ, ಮಗುವಿನ ಆರೋಗ್ಯದ ವಿವರ ಬರೆದಿಡುವ ‘ತಾಯಿ ಕಾರ್ಡ್’ನಲ್ಲಿ ಬರೆಸಿಕೊಂಡು, ಎದ್ದು ಬಾಗಿಲವರೆಗೆ ಹೋದವರು ಮತ್ತೆ ಬಂದು ಕೂರುತ್ತಾರೆ. “ಮೇಡಂ, ಇವರಿಗೆ ಬೆಂಗಳೂರಲ್ಲಿ ಕೆಲಸ ಆಗಿದೆ. ಮಗೂನ ಕರ್ಕೊಂಡು ಹೋದ್ರೆ ಅಲ್ಲಿನ ಹವಾ ಒಗ್ಗುತ್ತಾ?” ದಾವಣಗೆರೆಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 260 ಕಿಲೋಮೀಟರ್, 2023ರಲ್ಲಿ ಧಾರವಾಡದಿಂದ ಹೊರಡುವ ವಂದೇ ಭಾರತ್ ರೈಲು ಆರಂಭವಾದ ಮೇಲೆ ಸುಮಾರು ನಾಲ್ಕು ಗಂಟೆಯಲ್ಲಿ ತಲುಪುವ ಊರು. ಹಾಗಾಗಿ ದೊಡ್ಡವರು ಇದನ್ನು ದೊಡ್ಡ ಬದಲಾವಣೆ ಎಂದೇ ಎಣಿಸುವುದಿಲ್ಲ. ಅವರ ಅಳುಕೆಲ್ಲ ಹವೆ, ನೀರು ಮತ್ತು ಶಾಲೆಯ ಸೀಟಿನ ಸುತ್ತಲೇ ಇರುತ್ತದೆ.

ಹವೆಯ ಮಾತನ್ನು ಮೊದಲು ಮುಗಿಸುತ್ತೇನೆ. ಆರೋಗ್ಯವಾಗಿರುವ ಮಗುವಿಗೆ ಬೆಂಗಳೂರಿನ ತಂಪಿನಿಂದ ತೊಂದರೆಯೇನಿಲ್ಲ. ಪದೇ ಪದೇ ಉಬ್ಬಸ ಬಂದು ನೆಬ್ಯುಲೈಸರ್ ಹಾಕಿಸಿಕೊಂಡ, ಮನೆತನದಲ್ಲಿ ಅಸ್ತಮಾ ಇರುವ ಮಕ್ಕಳ ವಿಷಯ ಮಾತ್ರ ಬೇರೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇ 9ರಷ್ಟಿದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಅದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಇಡೀ ಊರಿನ ಮಕ್ಕಳ ಲೆಕ್ಕವಲ್ಲ ಎಂಬುದನ್ನು ನೆನಪಿಡಬೇಕು. ಇಂಥ ಮಗುವಿದ್ದರೆ ದೊಡ್ಡ ರಸ್ತೆಗೆ ಅಂಟಿದ ಮನೆ ಹಿಡಿಯಬೇಡಿ, ಇನ್‌ಹೇಲರನ್ನು ಯಾವಾಗ ಎಷ್ಟು ಸಲ ಕೊಡಬೇಕೆಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಿ ಎನ್ನುತ್ತೇನೆ. ಹೋಗಲೇಬೇಡಿ ಎಂದು ಈ ಒಂದೇ ಕಾರಣಕ್ಕೆ ನಾನು ಯಾರಿಗೂ ಹೇಳಿಲ್ಲ. ಡೇ ಕೇರ್ ಸೇರಿದ ಮೊದಲ ವರ್ಷದಲ್ಲಿ ಎಂಟು, ಹತ್ತು ಸಲ ನೆಗಡಿಯಾಗುವುದು ದಾವಣಗೆರೆಯಲ್ಲೂ ಆಗುತ್ತದೆ, ಬೆಂಗಳೂರಿನಲ್ಲೂ ಆಗುತ್ತದೆ.

ಇಷ್ಟು ಹೇಳಿ ಮುಗಿಸಿದ ಮೇಲೆ ನಾನು ಒಂದು ಬಿಳಿ ಹಾಳೆಯನ್ನು ತಂದೆಯ ಮುಂದೆ ಇಟ್ಟು, ನಡುವೆ ಗೆರೆ ಎಳೆದು, ಎಡಕ್ಕೆ ‘ಇಲ್ಲಿ’, ಬಲಕ್ಕೆ ‘ಅಲ್ಲಿ’ ಎಂದು ಬರೆಸುತ್ತೇನೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಮಗು ಯಾವ ಗಂಟೆಯಲ್ಲಿ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಎರಡೂ ಕಡೆ ತುಂಬಿಸಬೇಕು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಹಾಳೆಯನ್ನು ಇಲ್ಲಿ ತೋರಿಸುತ್ತೇನೆ. ಮಗುವಿಗೆ ಒಂದು ವರ್ಷ ಎಂಟು ತಿಂಗಳು. ತಾಯಿ ಖಾಸಗಿ ಶಾಲೆಯೊಂದರ ಶಿಕ್ಷಕಿ, ತಂದೆಗೆ ಬೆಂಗಳೂರಿನಿಂದ ಕರೆ ಬಂದಿತ್ತು. ಎಡಗಡೆ ಬೇಗ ತುಂಬಿತು: 6ರಿಂದ 8 ಅಮ್ಮ, 8ರಿಂದ 4 ಅಜ್ಜಿ, 4ರಿಂದ ಅಮ್ಮ, ಸಂಜೆ ಒಂದು ಗಂಟೆ ಅಜ್ಜನ ಹೆಗಲೇರಿ ಮಂಡಕ್ಕಿ ಅಂಗಡಿಯವರೆಗೆ, ರಾತ್ರಿ ಮಲಗುವ ಮುನ್ನ ಅಪ್ಪ. ಬಲಗಡೆ ತಂದೆ ಬೆಳಿಗ್ಗೆ 8.30ರಿಂದ ಸಂಜೆ 6.30ರವರೆಗೆ ಒಂದೇ ಆವರಣ ಹಾಕಿ ‘ಡೇ ಕೇರ್’ ಎಂದು ಬರೆದರು. ಸಂಸ್ಥೆಯ ಹೆಸರು ಬೇಡ, ಅಲ್ಲಿ ಮಗುವನ್ನು ಎತ್ತಿಕೊಳ್ಳುವವರ ಹೆಸರು ಬರೆಯಿರಿ ಎಂದೆ. ಅವರು ಪೆನ್ನು ಹಿಡಿದು ಬಹಳ ಹೊತ್ತು ಕುಳಿತರು. “ಅದು ಹೋದ ಮೇಲೆ ತಾನೇ ಗೊತ್ತಾಗೋದು ಮೇಡಂ” ಎಂದರು.

ಆ ಖಾಲಿ ಜಾಗ ಯಾರಿಂದ, ಹೇಗೆ ತುಂಬುತ್ತದೆ ಎಂಬುದರ ಮೇಲೆಯೇ ಹೋಗಬೇಕೋ ಬೇಡವೋ ಎಂಬುದು ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಆರೇಳು ತಿಂಗಳೊಳಗಿನ ಕೂಸು ಅಮ್ಮನ ಮೈವಾಸನೆ ಮತ್ತು ಹಾಲು ಇದ್ದರೆ ಯಾವ ಊರಿನಲ್ಲೂ ಇರುತ್ತದೆ. ಆ ವಯಸ್ಸಿನ ಸ್ಥಳಾಂತರದಲ್ಲಿ ಸುಸ್ತಾಗುವವಳು ಬಾಣಂತಿ. ಸುಮಾರು ಎಂಟು ತಿಂಗಳಿಂದ ಮಗು ಗುರುತಿನವರನ್ನೂ ಹೊಸಬರನ್ನೂ ಬೇರ್ಪಡಿಸಿ ನೋಡಲು ಶುರುಮಾಡುತ್ತದೆ, ಹೊಸಬರು ಎತ್ತಿಕೊಂಡರೆ ಚೀರುತ್ತದೆ. ನೆಚ್ಚಿದವರು ಕಣ್ಮರೆಯಾದಾಗಿನ ಕಳವಳ ಒಂದರಿಂದ ಒಂದೂವರೆ ವರ್ಷದ ಸುಮಾರಿಗೆ ಅತಿ ಹೆಚ್ಚಿದ್ದು, ಮೂರು ವರ್ಷದ ಹೊತ್ತಿಗೆ ಬಹಳಷ್ಟು ಇಳಿಯುತ್ತದೆ. ಎರಡೂವರೆ ವರ್ಷದ ಮಗುವಿಗೆ “ಅಜ್ಜಿ ಊರಲ್ಲಿದ್ದಾರೆ, ಹಬ್ಬಕ್ಕೆ ಬರ್ತಾರೆ” ಎಂಬ ಮಾತು ಅಷ್ಟಿಷ್ಟು ಅರ್ಥವಾಗುತ್ತದೆ. ಒಂದೂವರೆ ವರ್ಷದ ಮಗುವಿಗೆ ಅಜ್ಜಿ ಇದ್ದಾಳೆ ಅಥವಾ ಇಲ್ಲ, ಅಷ್ಟೇ.

ನಮ್ಮ ಕಡೆಯ ಕೂಡು ಕುಟುಂಬಗಳಲ್ಲಿ ಇದರಿಂದ ಒಂದು ತೊಡಕು ಹುಟ್ಟುತ್ತದೆ. ಅಪ್ಪ, ಅಮ್ಮನ ಜೊತೆಯಲ್ಲೇ ಹೋಗುತ್ತಿರುವುದರಿಂದ ಮಗು ಯಾರನ್ನೂ ಕಳೆದುಕೊಳ್ಳುತ್ತಿಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ, ಆದರೆ ಹಗಲಿನ ಎಂಟು ಗಂಟೆ ಉಣಿಸಿ, ತೊಳೆದು, ಮಲಗಿಸಿದ ಅಜ್ಜಿಯೇ ಆ ಮಗುವಿನ ಪಾಲಿಗೆ ಮುಖ್ಯ ವ್ಯಕ್ತಿಯಾಗಿದ್ದರೆ, ತಾಯಿಯ ತೋಳಿನಲ್ಲಿ ಕುಳಿತು ರೈಲು ಹತ್ತಿದ ಮಗುವೂ ಒಂದು ಅಗಲಿಕೆಯನ್ನೇ ಅನುಭವಿಸುತ್ತಿರುತ್ತದೆ. ಊರಿಗೆ ಬಂದಿದ್ದಾಗ ಹೀಗೆ ಹೋದ ಮಗುವೊಂದನ್ನು ನನ್ನ ಕೋಣೆಯಲ್ಲೇ ನೋಡಿದ್ದೇನೆ. ಹೊರಗಿದ್ದ ಅಜ್ಜಿಗೆ ಅದರ ತಾಯಿ ವಿಡಿಯೊ ಕರೆ ಮಾಡಿದಳು. ಮಗು ಫೋನಿಗೆ ಮುತ್ತು ಕೊಟ್ಟಿತು. ಆಮೇಲೆ ಫೋನನ್ನು ತಿರುವಿ, ಅಜ್ಜಿ ಹಿಂದೆ ಇದ್ದಾಳೆಯೇ ಎಂದು ಕೈಹಾಕಿ ತಡಕಿ ನೋಡಿತು. ತಾಯಿ ನಕ್ಕಳು, ನನಗೆ ನಗು ಬರಲಿಲ್ಲ.

ಹಾಗಾದರೆ ಮಗುವನ್ನು ಅಜ್ಜಿಯ ಬಳಿಯೇ ಬಿಟ್ಟು ಹೋಗೋಣವೇ ಎಂದು ತಕ್ಷಣ ಕೇಳುವವರಿದ್ದಾರೆ. “ಆರು ತಿಂಗಳು ಇಲ್ಲೇ ಇರ್ಲಿ, ನಾವು ಸೆಟ್ಲ್ ಆದ್ಮೇಲೆ ಕರ್ಕೊಂಡು ಹೋಗ್ತೀವಿ.” ನನ್ನ ಅನುಭವದಲ್ಲಿ ಆ ಆರು ತಿಂಗಳು ಒಂದೂವರೆ ವರ್ಷವಾಗುತ್ತದೆ. ಆಗ ಮಗುವಿಗೆ ತಾಯಿ ವಾರಾಂತ್ಯದ ನೆಂಟಳಾಗಿ, ಕರೆದೊಯ್ಯುವ ದಿನ ಅದು ಅಜ್ಜಿಯ ಸೆರಗನ್ನು ಹಿಡಿದು ಬಿಡುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಈ ಏರ್ಪಾಡನ್ನು ನಾನು ಒಪ್ಪುವುದಿಲ್ಲ, ಒಪ್ಪುವುದಿಲ್ಲವೆಂದು ನೇರವಾಗಿ ಹೇಳುತ್ತೇನೆ. ತಂದೆ ಮೊದಲು ಹೋಗಿ, ತಾಯಿ ಮತ್ತು ಮಗು ಇಲ್ಲೇ ಇದ್ದು ಆಮೇಲೆ ಸೇರಿಕೊಳ್ಳುವುದು ಅದಕ್ಕಿಂತ ಎಷ್ಟೋ ವಾಸಿ, ಸೇರಿಕೊಳ್ಳುವ ದಿನಾಂಕವನ್ನು ಮೊದಲೇ ಗೊತ್ತುಮಾಡಿದ್ದರೆ.

ಹಾಳೆಯ ಖಾಲಿ ಜಾಗವನ್ನು ತುಂಬುವ ಅತ್ಯಂತ ಒಳ್ಳೆಯ ಹೆಸರು ಅಜ್ಜಿಯದೇ, ಆಕೆ ಮೂರು ತಿಂಗಳ ಮಟ್ಟಿಗೆ ಜೊತೆಗೆ ಹೋಗಬಲ್ಲವಳಾದರೆ. ಆದರೆ ಅಜ್ಜಿಯನ್ನು ಕೇಳದೆ ಅವಳ ಹೆಸರು ಬರೆಯುವ ಹೆತ್ತವರೇ ಹೆಚ್ಚು. ನಾಲ್ಕನೆಯ ಮಹಡಿಯಲ್ಲಿ ಮಾತಿಗೆ ಜನವಿಲ್ಲದೆ, ಮಂಡಿನೋವಿನಲ್ಲಿ ಎರಡು ವರ್ಷದ ಮಗುವಿನ ಹಿಂದೆ ಓಡಬೇಕಾದವಳು ಅವಳು. ಇತ್ತ ಊರಿನಲ್ಲಿ ಅಜ್ಜ ತಾನೇ ಅನ್ನ ಮಾಡಿಕೊಂಡು ಉಣ್ಣುತ್ತಿರುತ್ತಾನೆ. ಒಂದು ತಿಂಗಳು ಇವರಮ್ಮ, ಇನ್ನೊಂದು ತಿಂಗಳು ಅವರಮ್ಮ ಎಂಬ ಸರದಿಯನ್ನು ಹಾಕಿಕೊಳ್ಳುವುದಾದರೆ ಇಬ್ಬರೂ ಒಂದು ವಾರ ಒಟ್ಟಿಗಿದ್ದು ಮಗುವನ್ನು ಕೈಯಿಂದ ಕೈಗೆ ಕೊಡಬೇಕು. ರೈಲು ನಿಲ್ದಾಣದಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಹತ್ತಿದರೆ ಮಗುವಿಗೆ ತಿಂಗಳಿಗೊಂದು ಅಗಲಿಕೆಯಾಗುತ್ತದೆ.

ಡೇ ಕೇರ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸೇರಿಸುವ ಮುನ್ನ ಅಲ್ಲಿನ ಗೋಡೆಯ ಚಿತ್ರ, ಸಿಸಿಟಿವಿ ಕ್ಯಾಮೆರಾಗಳನ್ನು ನೋಡಿ ಬರುವುದಕ್ಕಿಂತ ಮಧ್ಯಾಹ್ನ ಮಲಗಿಸುವ ಹೊತ್ತಿಗೆ ಹೋಗಿ ಅರ್ಧ ಗಂಟೆ ನಿಂತು, ಅಳುವ ಮಗುವಿನ ಬಳಿಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ನೋಡಿ. ಆಯಾಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಕೇಳಿ. ಆರು ತಿಂಗಳಿಗೊಮ್ಮೆ ಜನ ಬದಲಾಗುವ ಕಡೆ ನಿಮ್ಮ ಹಾಳೆಯಲ್ಲಿ ಬರೆಯಲು ಹೆಸರೇ ಇರುವುದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಂತೆ 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು ಮತ್ತು ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಿ ಬರಲು ಅವಕಾಶ ಕೊಡಬೇಕು. ಕೆಲಸಕ್ಕೆ ಒಪ್ಪಿಕೊಳ್ಳುವ ಮುನ್ನ ಸಂಬಳದ ಜೊತೆಗೆ ಇದನ್ನೂ ಕೇಳುವ ತಾಯಂದಿರನ್ನು ನಾನು ಕಂಡದ್ದು ಬಹಳ ಕಡಿಮೆ. ಎಲ್ಲೇ ಸೇರಿಸಿದರೂ ಮೊದಲ ದಿನ ಅರ್ಧ ಗಂಟೆ, ಜೊತೆಯಲ್ಲಿ ಅಮ್ಮನೋ ಅಜ್ಜಿಯೋ ಕುಳಿತಿದ್ದು, ಆಮೇಲೆ ದಿನದಿನಕ್ಕೆ ಹೊತ್ತನ್ನು ಹೆಚ್ಚಿಸುತ್ತ ಎರಡು ವಾರ ಕಳೆಯಬೇಕು. ಅಂದರೆ ಕೆಲಸಕ್ಕೆ ಸೇರುವ ದಿನಕ್ಕಿಂತ ಮೂರು ವಾರ ಮೊದಲೇ ಊರು ಬಿಟ್ಟಿರಬೇಕು. ಶನಿವಾರ ಲಾರಿ ಇಳಿಸಿ ಸೋಮವಾರ ಮಗುವನ್ನು ಬಿಟ್ಟು ಬರುವ ಲೆಕ್ಕಾಚಾರ ನಡೆಯುವುದಿಲ್ಲ.

ಹಾಳೆ ಯಾವಾಗಲೂ ‘ಇಲ್ಲಿ’ಯ ಪರವಾಗಿಯೇ ಇರುತ್ತದೆ ಎಂದೇನಿಲ್ಲ. ವರ್ಗವಾಗಿ ಈ ಊರಿಗೆ ಬಂದು ಬಂಧುಗಳಿಲ್ಲದೆ ಇರುವ ದಂಪತಿಗೆ ಬೆಂಗಳೂರಿನಲ್ಲಿ ಮಗುವಿನ ಚಿಕ್ಕಮ್ಮ ಎರಡು ಬೀದಿಯಾಚೆ ಇದ್ದರೆ ಬಲಗಡೆಯ ಸಾಲೇ ತುಂಬಿರುತ್ತದೆ, ಅವರಿಗೆ ನಾನು ಹೊರಡಿ ಎನ್ನುತ್ತೇನೆ. ಮಗುವಿನ ಮಾತು ಅಥವಾ ಬೆಳವಣಿಗೆಯ ತೊಂದರೆಗೆ ಚಿಕಿತ್ಸೆ ಸಿಗಲೆಂದು ಹೊರಡುವವರು ಮಾತ್ರ ಮೊದಲು ಇಲ್ಲಿಯೇ ವಿಚಾರಿಸಲಿ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇರುವುದು ಇಲ್ಲಿನವರಿಗೇ ಗೊತ್ತಿರುವುದಿಲ್ಲ.

ಮೂರರಿಂದ ಆರು ವರ್ಷದ ಮಕ್ಕಳ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ನಾಲ್ಕು ವರ್ಷದ ಹುಡುಗಿಯೊಬ್ಬಳ ಹೆತ್ತವರಿಗೆ “ಮಕ್ಕಳು ಬೇಗ ಹೊಂದಿಕೊಳ್ತಾರೆ, ಯೋಚನೆ ಮಾಡಬೇಡಿ” ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದೆ. ದಸರಾ ರಜೆಗೆ ಬಂದಾಗ ಅವರ ಮುಖ ಸಪ್ಪೆಯಾಗಿತ್ತು. ಜೂನ್‌ನಿಂದ ಆ ಹುಡುಗಿ ಶಾಲೆಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ, ಮಾತಿನ ಬೆಳವಣಿಗೆ ಹಿಂದುಳಿದಿದೆಯೆಂದು ಶಾಲೆಯವರು ಬರೆದು ಕಳಿಸಿದ್ದರು. ನನ್ನ ಮುಂದೆ ಅದೇ ಹುಡುಗಿ ತನ್ನ ಅಜ್ಜನ ಮನೆಯ ಎಮ್ಮೆ ಕರು ಹಾಕಿದ ಕಥೆಯನ್ನು ಉಸಿರು ತೆಗೆದುಕೊಳ್ಳದೆ ಹೇಳಿದಳು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದವಳಿಗೆ ತರಗತಿಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಹಿಂದಿ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕೇಳಿಸಿಕೊಳ್ಳುವುದು ಸಹಜ. ಆದರೆ ಮನೆಯಲ್ಲಿ ಸಲೀಸಾಗಿ ಮಾತಾಡುವ ಮಗು, ಶಾಲೆ ಸೇರಿದ ಮೊದಲ ತಿಂಗಳು ಕಳೆದ ಮೇಲೂ ಅಲ್ಲಿ ಸಂಪೂರ್ಣ ಮೌನವಾಗಿದ್ದರೆ ಅದಕ್ಕೆ ತಜ್ಞರ ನೆರವು ಬೇಕಾಗಬಹುದು. ಅವಳಿಗೆ ಬೇಕಾಯಿತು, ಸರಿಹೋದಳು. ಆ ನಾಲ್ಕು ತಿಂಗಳ ಹೊಣೆಯಲ್ಲಿ ನನ್ನದೂ ಒಂದು ಪಾಲಿದೆ.

ಅಂದಿನಿಂದ ಎರಡು ಮಾತು ತಪ್ಪದೆ ಹೇಳುತ್ತೇನೆ. ಹೊರಡುವ ಮೂರು ತಿಂಗಳ ಮೊದಲೇ ಮನೆಯಲ್ಲಿ ಇಂಗ್ಲಿಷ್ ಆಡಲು ಶುರುಮಾಡಬೇಡಿ. ಊರು, ಮನೆ, ಶಾಲೆ ಎಲ್ಲ ಬದಲಾಗುವಾಗ ಅಮ್ಮನ ಮಾತಾದರೂ ಹಾಗೆಯೇ ಉಳಿಯಬೇಕು. ಇನ್ನೊಂದು, ಸೇರಿಸುವ ಶಾಲೆಯಲ್ಲಿ ಕನ್ನಡ ಬಲ್ಲ ಒಬ್ಬ ಶಿಕ್ಷಕಿಯೋ ಆಯಾವೋ ಮಗುವಿನ ಕೊಠಡಿಯಲ್ಲೇ ಇದ್ದಾರೆಯೇ ಎಂದು ಕೇಳಿ. ಮೂತ್ರಕ್ಕೆ ಹೋಗಬೇಕೆಂದು ಹೇಳಲು ಪದ ಸಿಗದ ಮಗುವಿಗೆ ಉಳಿದ ಪಾಠವೆಲ್ಲ ಆಮೇಲಿನದು.

ಶಾಲೆಯ ಸೀಟಿನ ಆತುರಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಒಂದನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. ಅದಕ್ಕೆ ಮೊದಲಿನ ಎರಡು, ಮೂರು ವರ್ಷಗಳಲ್ಲಿ ಅರ್ಧ ವರ್ಷ ತಡವಾಗಿ ಸೇರಿದರೆ ಮಗು ಕಳೆದುಕೊಳ್ಳುವುದು ಏನೂ ಇಲ್ಲ. ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆಯಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ತಡೆಯುವಂತಿಲ್ಲ ಎಂದು ಅದರ 5ನೆಯ ಸೆಕ್ಷನ್ ಹೇಳುತ್ತದೆ. ಲಸಿಕೆಗಳ ಬಗ್ಗೆಯಂತೂ ಚಿಂತೆಯೇ ಬೇಡ, ತಾಯಿ ಕಾರ್ಡೊಂದನ್ನು ಜೋಪಾನ ಮಾಡಿದರೆ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಬಾಕಿ ಇರುವುದನ್ನು ಉಚಿತವಾಗಿ ಹಾಕುತ್ತಾರೆ. ಮನೆಯನ್ನು ಮಾತ್ರ ತಂದೆಯ ಕಚೇರಿಗೆ ಹತ್ತಿರ ಹುಡುಕದೆ ಮಗುವಿನ ಡೇ ಕೇರ್ ಅಥವಾ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಹುಡುಕಿ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಒಂದು ಗಂಟೆ ಕೂರುವ ಶಕ್ತಿ ದೊಡ್ಡವರಿಗಿದೆ.

ನಾನು ಮೇಲೆ ಹೇಳಿದ ಕುಟುಂಬದಲ್ಲಿ ತಂದೆ ಜೂನ್‌ನಲ್ಲಿ ಒಬ್ಬರೇ ಹೋದರು. ಶಾಲೆಯ ವರ್ಷ ಮುಗಿಸಿ ತಾಯಿ, ಮಗು ಮತ್ತು ಅಜ್ಜಿ ಮುಂದಿನ ಏಪ್ರಿಲ್‌ನಲ್ಲಿ ಹೊರಟರು. ಆಗ ಮಗುವಿಗೆ ಎರಡು ವರ್ಷ ಎಂಟು ತಿಂಗಳಾಗಿತ್ತು, ಅಜ್ಜಿ ಜುಲೈವರೆಗೆ ಅಲ್ಲಿದ್ದರು. ಹಾಳೆಯ ಬಲಗಡೆ ಅಷ್ಟು ಹೊತ್ತಿಗೆ ಒಬ್ಬ ಆಯಾಳ ಹೆಸರು ಬಂದಿತ್ತು.

ಹೋದ ಮೇಲೆ ಮೊದಲ ಕೆಲವು ವಾರ ಮಗು ರಾತ್ರಿ ಎದ್ದು ಅಳಬಹುದು, ಬಿಟ್ಟಿದ್ದ ಬೆರಳು ಚೀಪುವುದನ್ನು ಮತ್ತೆ ಶುರುಮಾಡಬಹುದು, ಹಾಸಿಗೆ ಒದ್ದೆ ಮಾಡಬಹುದು, ಊಟ ಕಡಿಮೆ ಮಾಡಬಹುದು. ಅದಕ್ಕೆ ಬೈಯಬೇಡಿ, ಅದೇ ಹೊತ್ತಿನಲ್ಲಿ ಎದೆಹಾಲು ಬಿಡಿಸುವುದನ್ನೂ ಶೌಚಾಲಯದ ಅಭ್ಯಾಸ ಮಾಡಿಸುವುದನ್ನೂ ಇಟ್ಟುಕೊಳ್ಳಬೇಡಿ. ಹಳೆಯ ಹೊದಿಕೆಯನ್ನು ಒಗೆಯದೆ ಒಯ್ಯಿರಿ. ಆಟಿಕೆಯ ಡಬ್ಬವನ್ನು ಲಾರಿಗೆ ಕೊನೆಯಲ್ಲಿ ಹಾಕಿ, ಅಲ್ಲಿ ಮೊದಲು ಇಳಿಸಿ. ಆರೆಂಟು ವಾರ ಕಳೆದರೂ ನಿದ್ದೆ, ಊಟ ಮೊದಲಿನಂತಾಗದಿದ್ದರೆ, ತೂಕ ಇಳಿದರೆ ಅಲ್ಲಿಯೇ ಒಬ್ಬ ಮಕ್ಕಳ ವೈದ್ಯರಿಗೆ ತೋರಿಸಿ. ಮನೆಯವರ ಜೊತೆಗೂ ಮಗು ಕಲಿತಿದ್ದ ಮಾತುಗಳನ್ನು ಆಡುವುದನ್ನೇ ಬಿಟ್ಟರೆ, ಹೆಸರು ಹಿಡಿದು ಕರೆದರೆ ತಿರುಗದೆ ಹೋದರೆ, ಅದನ್ನು ಊರು ಬದಲಾದದ್ದರ ತಲೆಗೆ ಕಟ್ಟಿ ಆರು ವಾರ ಕಾಯಬೇಡಿ. ಆ ವಾರದಲ್ಲೇ ತೋರಿಸಿ.